ತುಂಬದೆ ಉಳಿದ ಉಡಿ

ನನ್ನ ಮೊದಲ ಮಗ ಹುಟ್ಟಿದಾಗ ಅಳಲಿಲ್ಲ. ಬಸವಕಲ್ಯಾಣದ ತವರುಮನೆಯ ಹಿಂದಿನ ಕೋಣೆ, ನಡು ಮಧ್ಯಾಹ್ನ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು, ನನಗೆ ಹತ್ತೊಂಬತ್ತು ತುಂಬಿತ್ತು. ಕೂಸಿನ ಮೈ ನೀಲಿಗಟ್ಟಿತ್ತು. ಅವ್ವ ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಗಾಬರಿಯಾಗದವಳು ಸೂಲಗಿತ್ತಿ ಒಬ್ಬಳೇ. ಊರಾಚೆಯ ಕೇರಿಯ ಆ ಹೆಂಗಸನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಬೆರಳಿನಿಂದ ಕೂಸಿನ ಬಾಯಿ ಒರೆಸಿ, ಅದರ ಬಾಯಿಗೆ ತನ್ನ ಬಾಯಿ ಇಟ್ಟು ಮೆಲ್ಲಗೆ ಊದಿದಳು. ಒಂದು ಸಲ, ಎರಡು ಸಲ, ಎಷ್ಟೋ ಸಲ. ನಾನು ಹೊರಸಿನ ಹಗ್ಗ ಹಿಡಿದುಕೊಂಡು ಆಕೆಯ ಬೆನ್ನನ್ನೇ ನೋಡುತ್ತಿದ್ದೆ. ಕೊನೆಗೆ ಕೂಸು ಕೆಮ್ಮಿತು, ಆಮೇಲೆ ಕಿರುಚಿಕೊಂಡಿತು.

ಆಕೆಯ ಮೊಣಕೈ ಹಿಡಿದು ಹೇಳಿದೆ: "ಆಯಿ, ತೊಟ್ಟಿಲ ದಿನ ನಿನ್ನ ಉಡಿ ನಾನೇ ತುಂಬ್ತೀನಿ. ಎಲ್ಲಾರ ಮುಂದ, ನನ್ನ ಕೈಲೇ."

ಆಕೆ ನಕ್ಕಳು. "ಮಾತು ಕೊಡಬ್ಯಾಡ್ರಿ ಅವ್ವಾರ. ಈ ಕ್ವಾಣ್ಯಾಗ ಎಲ್ಲಾರೂ ಕೊಡ್ತಾರ."

ನಮ್ಮ ಕಡೆ ಶುಭದ ದಿನ ಮುತ್ತೈದೆ ಸೆರಗೊಡ್ಡುತ್ತಾಳೆ. ಅಕ್ಕಿ, ಕೊಬ್ಬರಿ, ಕುಬಸದ ಖಣ, ಬೆಲ್ಲದಚ್ಚು ಎಲ್ಲವನ್ನೂ ಕೈಯಾರೆ ಅದರೊಳಗೆ ಹಾಕಬೇಕು, ಅದೇ ಉಡಿ ತುಂಬುವುದು. ಆಯಿಗೂ ಹೆರಿಗೆಯಾದ ಮನೆಗಳಲ್ಲಿ ಇವೆಲ್ಲ ಸಿಗುತ್ತಿದ್ದವು, ಆದರೆ ನೆಲದ ಮೇಲೆ. ಮನೆಯವರು ಇಟ್ಟು ಹಿಂದೆ ಸರಿಯಬೇಕು, ಆಕೆ ಬಂದು ಎತ್ತಿಕೊಳ್ಳಬೇಕು.

ಹನ್ನೆರಡು ದಿನ ನನಗೂ ಕೂಸಿಗೂ ಎಣ್ಣೆ ಹಚ್ಚಿ ಎರೆದವಳು ಆಕೆಯೇ. ಹದಿಮೂರನೆಯ ದಿನ ಕೋಣೆಯನ್ನು ಸಾರಿಸಿದರು, ಅಲ್ಲಿಗೆ ಆಕೆ ಒಳಗೆ ಬರುವುದು ಮುಗಿಯಿತು. ಜಾತಿಸೂತಕ, ಜನನಸೂತಕ ಯಾವುದೂ ನಮಗಿಲ್ಲ ಎಂದು ಹೇಳಿಕೊಳ್ಳುವ ಮಂದಿ ನಾವು, ಅದೂ ಶರಣರು ನಡೆದಾಡಿದ ಊರಲ್ಲಿ. ಹೇಳಿಕೊಳ್ಳುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ ಬಿಡಿ.

ಅದೇ ದಿನ ತೊಟ್ಟಿಲು. ಬೆಳಿಗ್ಗೆ ಜಡೆ ಹಾಕುತ್ತಾ ಅವ್ವ ನನ್ನ ಕಿವಿಯಲ್ಲಿ ಹೇಳಿದಳು: "ಆಕಿ ಬಾಯಿ ಹಚ್ಚಿದ್ದು ನಿಮ್ಮತ್ತಿ ಕಿವಿಗಿ ಬೀಳಬಾರದು. ಕೂಸು ತಾನ ಅತ್ತಿತು. ತಿಳೀತೇನು?" ನಾನು ತಲೆಯಾಡಿಸಿದೆ.

ಅತ್ತೆ ಹುಮನಾಬಾದಿನಿಂದ ಐದಾರು ಹೆಂಗಸರ ಜೊತೆ ಬಂದಿಳಿದರು. ಹೆಚ್ಚು ಮಾತಾಡುವವರಲ್ಲ. ಅವರು ನೋಡಿದ ಕಡೆ ಉಳಿದವರೂ ನೋಡುತ್ತಿದ್ದರು. ಕೂಸಿಗೆ ಹೆಸರಿಟ್ಟದ್ದಾಯಿತು. ಆಯಿ ಮೈ ತೊಳೆದುಕೊಂಡು, ಮಡಿಕೆ ಕಾಣುವ ಹಸಿರು ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟುಕೊಂಡು ಹಿತ್ತಲಲ್ಲಿ ಬಂದು ನಿಂತಿದ್ದಳು. ನಾನು ಉಡಿಯ ಸಾಮಾನು ತುಂಬಿದ ಮೊರ ಎತ್ತಿಕೊಂಡು ಹೊಸ್ತಿಲು ದಾಟಿದೆ. ಆಕೆ ನನ್ನ ಮುಖ ನೋಡಿ, ಎರಡೂ ಕೈಯಿಂದ ಸೆರಗು ಒಡ್ಡಿದಳು. ಮಾತು ಕೊಡಬೇಡಿ ಎಂದವಳು ಮಾತನ್ನು ನಂಬಿಯೇ ಬಂದಿದ್ದಳು.

ಇನ್ನು ಎರಡು ಹೆಜ್ಜೆ. ಹಿಂದಿನಿಂದ ಅತ್ತೆಯ ದನಿ ಬಂತು. "ಕೆಳಗ ಇಡು."

ನಾನು ನಿಂತೆ. ಅವ್ವನ ಕಡೆ ನೋಡಿದೆ. ಅವ್ವ ನೆಲ ನೋಡುತ್ತಿದ್ದಳು. ಅತ್ತೆ ಸಿಟ್ಟಾದರೆ ನನ್ನನ್ನು ಮತ್ತೆ ಹುಮನಾಬಾದಿಗೆ ಕರೆಸಿಕೊಳ್ಳುವುದೇ ಇಲ್ಲ ಎಂಬ ಹೆದರಿಕೆ ಆ ಮುಖದಲ್ಲಿ ಎದ್ದು ಕಾಣುತ್ತಿತ್ತು. ನನಗೂ ಅದೇ ಹೆದರಿಕೆ. ಮೊರದಲ್ಲಿ ಅಕ್ಕಿ ಅಲುಗುತ್ತಿತ್ತು. ಬಾಗಿ ಮೊರವನ್ನು ನೆಲಕ್ಕಿಟ್ಟೆ.

ಆಯಿ ಒಡ್ಡಿದ ಸೆರಗನ್ನು ಕೂಡಲೇ ಇಳಿಸಲಿಲ್ಲ. ಅಷ್ಟು ಹೊತ್ತು ಯಾಕೆ ಹಿಡಿದಿದ್ದಳೋ.

"ಇಟ್ಟಾಳಲ್ಲ, ತಗೋ," ಎಂದರು ಅತ್ತೆ.

ಆಕೆ ಬಾಗಿ ತಗೊಂಡಳು. ನನ್ನತ್ತ ನೋಡದೆ ಹೋದಳು. ನನ್ನ ಉಳಿದ ಎರಡೂ ಹೆರಿಗೆ ಹುಮನಾಬಾದಿನ ದವಾಖಾನೆಯಲ್ಲಿ ಆದವು. ಮತ್ತೆ ಆಕೆಯ ಎದುರು ಬೀಳುವ ಪ್ರಸಂಗ ಬರಲಿಲ್ಲ. ನಿಜ ಹೇಳಬೇಕೆಂದರೆ, ತವರಿಗೆ ಹೋದಾಗಲೆಲ್ಲ ಆ ಪ್ರಸಂಗ ಬಾರದಂತೆ ನಾನೇ ನೋಡಿಕೊಂಡೆ.

ಅತ್ತೆ ತೀರಿಕೊಂಡ ಮೇಲೆ ನನಗೆ ಧೈರ್ಯ ಬಂತು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೇ. ಹುಮನಾಬಾದಿನ ನಮ್ಮ ಓಣಿಯ ಮಹಿಳಾ ಮಂಡಳಕ್ಕೆ ಕಾರ್ಯದರ್ಶಿಯಾದೆ. ಸಂಕ್ರಾಂತಿಯ ಅರಿಶಿಣ-ಕುಂಕುಮಕ್ಕೆ ಈ ಸಲ ಎಲ್ಲ ಕೇರಿಯ ಹೆಂಗಸರನ್ನೂ ಕರೆಯೋಣ, ಎಲ್ಲರಿಗೂ ಕೈಯಾರೆ ಉಡಿ ತುಂಬೋಣ ಎಂದು ಸಭೆಯಲ್ಲಿ ಹೇಳಿದೆ. ಒಬ್ಬಾಕೆ ತನ್ನ ಕುರ್ಚಿಯನ್ನು ನನ್ನಿಂದ ಒಂದು ಗೇಣು ದೂರ ಸರಿಸಿಕೊಂಡಳು. ಇನ್ನೊಬ್ಬಾಕೆ, ಹಾಗಾದರೆ ನಮ್ಮ ಮನೆಯವರು ಬರುವುದಿಲ್ಲ ಎಂದಳು. ನಾನು ದನಿ ಏರಿಸಿದೆ, ಅವರೂ ಏರಿಸಿದರು. ಕೊನೆಗೆ ಅಧ್ಯಕ್ಷರು, "ಒಬ್ಬಾಕಿನ ಕರೀರಿ. ಮಂದಿ ಏನಂತಾರ ನೋಡೂಣು," ಎಂದು ಕೈ ತೊಳೆದುಕೊಂಡರು.

ಯಾರನ್ನು ಕರೆಯಬೇಕು ಎಂದು ನಾನು ವಿಚಾರ ಮಾಡಲೇ ಇಲ್ಲ. ಮರುದಿನ ಚೀಲದಲ್ಲಿ ಖಣ, ಕೊಬ್ಬರಿ ಇಟ್ಟುಕೊಂಡು ಬಸವಕಲ್ಯಾಣದ ಬಸ್ಸು ಹತ್ತಿದೆ. ಹಳೆಯ ಮಾತು ಇವತ್ತು ತೀರಿತು ಎಂದು ದಾರಿಯುದ್ದಕ್ಕೂ ಒಳಗೊಳಗೇ ಬೀಗಿದೆ.

ಹುಟ್ಟಿದ ಊರಿನ ಆ ಕೇರಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಆಯಿಯ ಗಂಡ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದವನು ಎದ್ದು ನಿಂತ. ಆಯಿ ಮುದುಕಿಯಾಗಿದ್ದಳು. ಹಣೆ ಬರಿದಾಗಿತ್ತು. ಒಳಗೆ ಸುಣ್ಣ ಹೊಡೆದ ಗೋಡೆಯ ಮೇಲೆ ಬುದ್ಧನ ಪಟ. ಚಾಪೆ ಹಾಸಿದಳು. ನಾನು ಬಂದ ಕೆಲಸ ಹೇಳಿದೆ. ಆಕೆಯೊಡನೆ 'ರಿ' ಹಚ್ಚಿ ಮಾತಾಡಿದ್ದೂ ಅವತ್ತೇ ಮೊದಲು.

"ಉಡಿ, ಕುಂಕುಮ ಎಲ್ಲಾ ಬಿಟ್ಟು ಭಾಳ ವರ್ಷ ಆತ್ರಿ ಅವ್ವಾರ," ಎಂದಳು. "ನಾವು ಬುದ್ಧನ ದೀಕ್ಷಾ ತಗೊಂಡೇವಿ. ಈಗ ನಾ ಯಾರ ಮುಂದೂ ಸೆರಗ ಒಡ್ಡಂಗಿಲ್ಲ."

ಚೀಲವನ್ನು ಮಡಿಲಿಗೆ ಎಳೆದುಕೊಂಡೆ.

"ಕೂಸು ಹ್ಯಾಂಗ ಅದರಿ?"

"ಕಾಲೇಜಿಗಿ ಹೋಗಾಕತ್ತಾನ್ರಿ."

"ಆತನ ಮೊದಲಿನ ಉಸಿರು ನಂದು. ಆತಗ ಹೇಳೀರೇನ್ರಿ?"

ಅತ್ತೆ ಹೋಗಿ ಮೂರು ವರ್ಷವಾಗಿತ್ತು, ಇನ್ನು ಹೆದರಬೇಕಾದವರು ಯಾರೂ ಉಳಿದಿರಲಿಲ್ಲ. ಆದರೂ ಹೇಳಿರಲಿಲ್ಲ. ಸಭೆಯಲ್ಲಿ ಗಂಟಲು ಹರಿಯುವಂತೆ ಕೂಗಿದವಳು ಮನೆಯಲ್ಲಿ ಮಗನಿಗೆ ಅದೊಂದು ಮಾತು ಹೇಳಿರಲಿಲ್ಲ. "ಇಲ್ರಿ," ಎಂದೆ.

ಸೊಸೆ ಚಹಾ ತಂದಳು. ಆಯಿ ಸೊಸೆಯ ಕೈಯಿಂದ ಕಪ್ಪು-ಬಸಿ ಇಸಗೊಂಡು, ನನ್ನೆದುರು ನೆಲದ ಮೇಲಿಟ್ಟು ಹಿಂದೆ ಸರಿದಳು. ನಮ್ಮಂಥವರ ಮುಂದೆ ಬಿದ್ದ ಹಳೆಯ ರೂಢಿಯೋ, ನನಗೆ ಕೊಟ್ಟ ಉತ್ತರವೋ, ಮುಖ ನೋಡಿದರೆ ತಿಳಿಯಲಿಲ್ಲ.

ಎರಡೂ ಕೈ ಚಾಚಿದೆ. "ಕೈಯಾಗ ಕೊಡ್ರಿ, ಆಯಿ."

ಆಕೆ ನನ್ನ ಚಾಚಿದ ಕೈಗಳನ್ನು ನೋಡಿದಳು, ಬಹಳ ಹೊತ್ತು. ಕೈ ಸೋಲುವಷ್ಟು ಹೊತ್ತು.

"ಇಟ್ಟೀನಲ್ರಿ, ತಗೋರಿ."

ಬಾಗಿ ತಗೊಂಡೆ, ಕುಡಿದೆ. ಖಣ, ಕೊಬ್ಬರಿ ಚೀಲದಲ್ಲೇ ವಾಪಸು ಬಂದವು. ಹುಮನಾಬಾದಿನಲ್ಲಿ ಬಸ್ಸಿಳಿದು ಸೀದಾ ಮನೆಗೆ ಹೋದವಳು, ಪಡಸಾಲೆಯಲ್ಲಿ ಓದುತ್ತ ಕೂತಿದ್ದ ಮಗನ ಎದುರು ಕುಳಿತು, ನೀನು ಹುಟ್ಟಿದಾಗ ಅಳಲಿಲ್ಲ ಎಂದು ಹೇಳಲು ಶುರು ಮಾಡಿದೆ.