ಮನೆಗೊಂದು ವಸ್ತು

ದೊಡ್ಡಬಳ್ಳಾಪುರದಲ್ಲಿ ನಮ್ಮ ಬೀದಿಯ ನೇಕಾರರ ಸಂಘದವರಿಗೆ ತೊಂಬತ್ತರ ದಶಕದ ಮೊದಲಿಗೆ ಒಂದು ಹುಚ್ಚು ಹಿಡಿಯಿತು. ಸಂಘದ ಹಿಂದಿದ್ದ ನೂಲಿನ ಗೋದಾಮು ಖಾಲಿ ಮಾಡಿ, ಸುಣ್ಣ ಹೊಡೆಸಿ, ವಸ್ತು ಸಂಗ್ರಹಾಲಯ ಅಂತ ಬೋರ್ಡು ಹಾಕಿದರು. ಆ ಹೊತ್ತಿಗೆ ಊರ ತುಂಬಾ ಪವರ್‌ಲೂಮು. ಕೈಮಗ್ಗದ ಮರವನ್ನು ಜನ ಒಲೆಗೆ ಹಾಕಿ ಮುಗಿಸುತ್ತಿದ್ದರು. ಉಳಿದದ್ದನ್ನಾದರೂ ಒಂದು ಕಡೆ ಇಡೋಣ ಅನ್ನುವುದು ಒಳ್ಳೆಯ ಯೋಚನೆಯೇ. ಜನ ತಂದುಕೊಟ್ಟದ್ದರಲ್ಲಿ ಯಾವುದನ್ನು ಇಡಬೇಕು, ಯಾವುದು ಬೇಡ ಅಂತ ತೀರ್ಮಾನಿಸಲು ನಾಲ್ಕು ಜನರನ್ನು ಕೂರಿಸಿದರು. ಸಂಘದ ಅಧ್ಯಕ್ಷರು ಒಬ್ಬರು, ಪ್ರೈಮರಿಯಲ್ಲೇ ಶಾಲೆ ಬಿಟ್ಟ ನಾನೂ ಒಬ್ಬ. ಕುರ್ಚಿ ಸಿಕ್ಕಿತಲ್ಲ ಅಂತ ಹಿಗ್ಗಿದ್ದೆ.

ಭಾನುವಾರ ಸಭೆ. ವಸ್ತುವನ್ನು ಮೇಜಿನ ಮೇಲೆ ಇಡುವುದು, ನಾವು ಬೋಂಡಾ ತಿನ್ನುತ್ತಾ ಮಾತಾಡುವುದು. ಹಳೆಯದೋ ಅಲ್ಲವೋ ಅಂತ ಯಾರೂ ಕೇಳುತ್ತಿರಲಿಲ್ಲ. ಹೊಳೆಯುತ್ತದೆಯೇ, ಕೊಡುವವರು ಯಾರು, ಇಷ್ಟೇ. ಜವಳಿ ಅಂಗಡಿಯವರು ತಂದ ಕತ್ತಿಯ ಹಿಡಿಯ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಪಾಳೇಗಾರರ ಕಾಲದ್ದು ಅಂತ ತೆಗೆದುಕೊಂಡೆವು. ಬಡವರ ಮನೆಯ ಹಳೇ ಸೀರೆಯೊಂದು ಬಂದಾಗ ಅಧ್ಯಕ್ಷರು ಎಣ್ಣೆ ಕೈಯನ್ನು ಅದರ ಸೆರಗಿಗೇ ಒರೆಸಿಕೊಂಡು, "ಇದು ಬ್ಯಾಡ, ವಾಪಸ್ ಕೊಟ್ಬಿಡಿ" ಅಂದರು. ಎಣ್ಣೆಯ ಕಲೆ ಒಳಗೆ ಹೋಗುವಂತೆ ಅದನ್ನು ಮಡಚಿ ಕೊಟ್ಟವನು ನಾನೇ. ಲಾಳಿ ಬರಲಿ ರಾಟೆ ಬರಲಿ, ಹೊಳೆಯಲಿ ಅಂತ ಎಲ್ಲಕ್ಕೂ ಕಪ್ಪು ಪೇಂಟು ಬಳಿಸುತ್ತಿದ್ದೆವು. ಪೇಂಟಿನ ವಾಸನೆ, ಕರಿದ ಎಣ್ಣೆಯ ವಾಸನೆ ಸೇರಿ ಗೋದಾಮಿನ ತುಂಬಾ ನಿಂತಿರುತ್ತಿತ್ತು. ಈಗಲೂ ಹೊಸ ಪೇಂಟು ಮೂಗಿಗೆ ಬಡಿದರೆ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ವಸ್ತುಗಳು ಹೆಚ್ಚಾದಾಗ ಮನೆಗೊಂದೇ ವಸ್ತು ಅಂತ ಕಟ್ಟಳೆ ಮಾಡಿದೆವು. ಅದರ ಕೆಳಗೆ ಆ ಮನೆಯ ಹೆಸರು ಬರೆಸುವುದು. ನಮ್ಮ ಮನೆಯ ಪರವಾಗಿ ನಾನು ಹಿತ್ತಾಳೆಯ ದೀಪದ ಕಂಬ ಕೊಟ್ಟೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ನಾನೇ ಕೊಂಡದ್ದು. ಮುತ್ತಾತನಿಗೆ ಮಹಾರಾಜರು ಕೊಟ್ಟದ್ದು ಅಂದೆ. ಮೂವರೂ ನಂಬಿದವರಂತೆ ತಲೆಯಾಡಿಸಿದರು. ಅವರ ಮನೆಯ ವಸ್ತುಗಳು ಬಂದಾಗ ನಾನೂ ಹಾಗೇ ತಲೆಯಾಡಿಸಿದ್ದೆ.

ನನ್ನ ಅಕ್ಕನನ್ನು ಸೂಲಿಬೆಲೆಗೆ ಕೊಟ್ಟಿತ್ತು. ಗಂಡ ಇನ್ನೊಬ್ಬಳನ್ನು ತಂದುಕೊಂಡ ಮೇಲೆ ವಾಪಸ್ ಬಂದು ನಮ್ಮ ಜೊತೆಗೇ ಉಳಿದಳು. ಮದುವೆಗೆ ಮೊದಲೂ ಆಮೇಲೂ ಅವಳದು ಗಂಜಿ ತೀಡುವ ಕೆಲಸ. ಹಾಸಿನ ನೂಲನ್ನು, ಅಂದರೆ ಬಟ್ಟೆಯ ಉದ್ದದ ಎಳೆಗಳನ್ನು, ಮಗ್ಗಕ್ಕೆ ಏರಿಸುವ ಮೊದಲು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಚಿಮುಕಿಸಿ, ಬೇರಿನ ನಾರಿನ ಉದ್ದ ಕುಂಚದಿಂದ ತೀಡುತ್ತಾ ಹೋಗಬೇಕು. ಬಿಸಿಲೇರುವ ಮೊದಲೇ ಮುಗಿಯಬೇಕು. ತಡವಾದರೆ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಪ್ಪ ಕೆಮ್ಮುತ್ತಾ ಮೂಲೆ ಹಿಡಿದಾಗ ಅವಳು ಊರವರ ಹಾಸುಗಳನ್ನೆಲ್ಲ ಕೂಲಿಗೆ ತೀಡಿದಳು. ಹುಳಿತ ಗಂಜಿಯ ವಾಸನೆ ಅವಳ ಸೀರೆಯನ್ನು ಬಿಟ್ಟದ್ದೇ ಇಲ್ಲ. ನಾನು ಬೆಳೆದದ್ದು ಆ ದುಡಿಮೆಯಲ್ಲಿ.

ಒಂದು ಭಾನುವಾರ ಅವಳು ಆ ಕುಂಚವನ್ನು ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಸಭೆಗೆ ಬಂದಳು. ನನಗೆ ಮೊದಲೇ ಹೇಳಿರಲಿಲ್ಲ. ಬಟ್ಟೆ ಬಿಚ್ಚಿ ಮೇಜಿನ ಮೇಲೆ ಇಟ್ಟಳು.

ಅಧ್ಯಕ್ಷರು ಟವಲನ್ನು ಮೂಗಿಗೆ ಹಿಡಿದರು. "ಏನಕ್ಕಾ ಇದು, ಎಮ್ಮೆ ಉಜ್ಜೋದಾ?"

"ಗಂಜಿ ಕುಂಚ ಕಣಪ್ಪಾ. ನಿಮ್ಮಪ್ಪನ ಹಾಸೂ ಇದ್ರಲ್ಲೇ ತೀಡಿದೀನಿ. ನೀನಾಗ ಚಡ್ಡಿ ಇಲ್ದೆ ನೂಲಿನ ಕೆಳಗೆ ನುಸುಳ್ತಿದ್ದೆ."

ಉಳಿದಿಬ್ಬರು ಕಿಸಕ್ಕನೆ ನಕ್ಕರು. ಅಧ್ಯಕ್ಷರ ಮುಖ ಗಂಟಾಯಿತು. ನನ್ನ ಕಡೆ ತಿರುಗಿದರು. "ಏನ್ ಗುರು, ನಿಮ್ಮನೇದು ದೀಪ ಬಂದೈತಲ್ಲ. ಅದನ್ನ ವಾಪಸ್ ತಗೊಂಡು ಇದನ್ನಿಡ್ತೀಯಾ?"

ಅಕ್ಕ ನನ್ನನ್ನೇ ನೋಡಿದಳು. ದೀಪ ಎಲ್ಲಿಯದೆಂದು ಅವಳಿಗೆ ಗೊತ್ತಿತ್ತು. ನಾನು ಹೂಂ ಅಂದಿದ್ದರೆ ಸಾಕಿತ್ತು. ನನಗೆ ಆ ವಾಸನೆಯ ಕುಂಚದ ಕೆಳಗೆ ನಮ್ಮ ಮನೆಯ ಹೆಸರು ಕಾಣುವುದು ಬೇಕಿರಲಿಲ್ಲ.

"ಮದ್ವೆ ಆದ ಹೆಣ್ಣು ಗಂಡನ ಮನೆ ಲೆಕ್ಕ ಅಲ್ವಾ ಅಣ್ಣಾ" ಅಂದೆ. "ಇದು ಸೂಲಿಬೆಲೆ ಮನೇದಾಯ್ತು. ನಮ್ಮನೇದಲ್ಲ."

"ಸೂಲಿಬೆಲೆಯೋರ್ದು ನಮ್ಗ್ಯಾಕೆ? ಬರಲ್ಲ ಬಿಡಿ."

ಬೋಂಡಾ ಆರುವಷ್ಟೂ ಹೊತ್ತಾಗಲಿಲ್ಲ. ಅಕ್ಕ ಬಟ್ಟೆಯನ್ನು ಮಾತ್ರ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದಳು.

ಮೇಜಿನ ಮೇಲೇ ಉಳಿದ ಕುಂಚವನ್ನು ಸಂಘದ ಕಾವಲಿನವನು ಧೂಳು ಹೊಡೆಯಲು ಇಟ್ಟುಕೊಂಡ. ಸಂಗ್ರಹಾಲಯ ತೆರೆದ ಮೇಲೆ ಒಂದು ದಿನ ಬೀದಿಯ ಹೆಂಗಸರ ಜೊತೆ ಅಕ್ಕನೂ ನೋಡಲು ಬಂದಳು. ಅವನು ಅದೇ ಕುಂಚದಿಂದ ನನ್ನ ದೀಪಕ್ಕೆ ಕಟ್ಟಿದ್ದ ಜೇಡರ ಬಲೆ ತೆಗೆಯುತ್ತಿದ್ದ. ನಾರಿನ ತುಂಬಾ ಹಲ್ಲಿ ಹಿಕ್ಕೆ, ಸತ್ತ ಜಿರಳೆಯ ಕಾಲು. ಅಕ್ಕ ಅದನ್ನು ಇಸಿದುಕೊಂಡು, ಎಳೆ ಎಳೆ ಬಿಡಿಸಿ ಬೆರಳಿನಿಂದಲೇ ಕೊಳೆ ತೆಗೆದಳು. "ಒಂದೀಟು ಎಣ್ಣೆ ಹಚ್ಚಪ್ಪಾ, ನಾರು ಮುರೀತೈತೆ" ಅಂದು ಅವನ ಕೈಗೇ ವಾಪಸ್ ಕೊಟ್ಟಳು. ನಾನು ಬಾಗಿಲ ಹತ್ತಿರ ನಿಂತು ಬಂದವರಿಗೆ ಮಹಾರಾಜರ ಕಥೆ ಹೇಳುತ್ತಿದ್ದೆ. ನಿಲ್ಲಿಸಲಿಲ್ಲ.

ಆ ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತೆ. ಅಕ್ಕ ಮುದ್ದೆಯ ಪಾತ್ರೆ ಹಿಡಿದು ಎದುರಿಗೆ ನಿಂತಳು.

"ಒಂದ್ ಮಾತು ಹೇಳ್ಬಿಡು. ಸೂಲಿಬೆಲೆಯೋನು ನಾನು ಅವನ ಮನೆಯೋಳಲ್ಲ ಅಂದ. ನೀನು ಈ ಮನೆಯೋಳಲ್ಲ ಅಂದೆ. ನಾನ್ಯಾವ ಮನೆಯೋಳು?"

ಜಗಳದ ದನಿಯಲ್ಲ. ಕೇಳಿ ತಿಳಿದುಕೊಳ್ಳಬೇಕು ಅನ್ನುವವಳಂತೆ ಕೇಳಿದಳು.

"ಹೊಟ್ಟೆ ಹಸೀತೈತೆ, ಮೊದ್ಲು ಬಡ್ಸು" ಅಂದೆ.

ಬಡಿಸಿದಳು. ಸಾರು ಸುರಿಸಿಕೊಂಡು ಉಂಡೆ. ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡೆ.