ಜವರಣ್ಣನ ಹೆರಾಲ್ಡು, ನನ್ನ ಹಳದಿ ಬಟ್ಟೆ

ಆ ಭಾನುವಾರವೂ ಎಂದಿನಂತೆ ಐದೂವರೆಗೆ ಎದ್ದು, ಬಾಗಿಲಿಗೆ ನೀರು ಹಾಕಿ, ನಾಲ್ಕು ಎಳೆ ರಂಗೋಲಿ ಎಳೆದು, ಹಾಲು ಕಾಯಲಿಟ್ಟು ಅಡುಗೆಮನೆಯ ಕಿಟಕಿ ತೆರೆದೆ. ಪಾಂಡವಪುರದ ನಮ್ಮ ಮನೆಯ ಹಿತ್ತಿಲ ಬೇಲಿಯಾಚೆಗೇ ಮೆಕ್ಯಾನಿಕ್ ಜವರಣ್ಣನ ತಗಡಿನ ಶೆಡ್ಡು. ಆಗಲೇ ಅವರು ತಮ್ಮ ಹೆರಾಲ್ಡ್ ಕಾರಿನ ಮುಂದಿನ ಟೈರಿನ ಮೇಲೆ, ಊಟದ ಮಣೆಯ ಮೇಲೆ ಕೂತಷ್ಟು ನೆಮ್ಮದಿಯಾಗಿ ಕೂತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಎಂಜಿನ್ನಿಗೆ ಒತ್ತಿ, ಕಣ್ಣು ಮುಚ್ಚಿದ್ದರು.

ಅದು ಅವರ ಖ್ಯಾತಿ. ಗಾಡಿಯ ಕಾಯಿಲೆಯನ್ನು ಹಲ್ಲಿನಿಂದ ಹೇಳುತ್ತಾರೆ ಎಂದು ಕೆ.ಆರ್. ಪೇಟೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಇದೇನು ಅಣ್ಣಾ ಎಂದು ಕೇಳಿದರೆ, "ನಾಡಿ ನೋಡೋದು ಕಣ್ಲಾ" ಅನ್ನುತ್ತಿದ್ದರು. ಖಾಕಿ ಚಡ್ಡಿ, ಹೆಗಲ ಮೇಲೆ ಗ್ರೀಸು ಮೆತ್ತಿದ ಟವೆಲ್ಲು, ಐವತ್ತೈದರ ಮೇಲೂ ಎಣ್ಣೆ ಹಾಕಿ ಬಾಚಿದ ಕಪ್ಪು ಕೂದಲು. ಅವಸರದ ಗಿರಾಕಿ ರೇಗಾಡಿದರೆ ಶಾಂತವಾಗಿ, "ಬೈಕಂಡು ನಟ್ಟು ಬಿಚ್ಚುಸ್ಬೇಡ್ರಿ, ಅದ್ಕೂ ಗೊತ್ತಾಯ್ತದೆ" ಎಂದು ಹೇಳಿ ಕೆಲಸ ಮುಂದುವರಿಸುತ್ತಿದ್ದರು.

ಹೆರಾಲ್ಡು ಅವರ ಸ್ವಂತದ್ದು. ಅರಕೆರೆಯ ದೊಡ್ಡ ಮನೆಯೊಂದರ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆ ಇಡುವ ಗೂಡಾಗಿ ನಿಂತಿದ್ದ ಅರವತ್ತರ ದಶಕದ ಕಾರು. ತಂದ ದಿನ ಅದರ ಹಿಂದಿನ ಸೀಟಿನಿಂದ ಒಂದು ಹ್ಯಾಟೆ ಕೋಳಿ ಇಳಿದು ಹೋಯಿತು. ಎರಡು ವರ್ಷ ಬಿಡುವಾದಾಗಲೆಲ್ಲ ಬಿಚ್ಚಿದರು, ಜೋಡಿಸಿದರು. ಹಿಂದಿನ ಸೀಟು ತೆಗೆದರು. ಹಿಂಗಾಲಿಯ ಸ್ಪ್ರಿಂಗ್ ಪ್ಲೇಟುಗಳನ್ನು ಬಡಿಸಿ ಕಾರನ್ನು ನೆಲಕ್ಕೆ ಮೂರು ಬೆರಳು ಇಳಿಸಿದರು. ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಕಾರ್ಬೊರೇಟರ್ ಒಂದಿದ್ದ ಕಡೆ ಎರಡು ಕೂರಿಸಿದರು. ಕೊನೆಗೆ ಎಳೆ ಸೌತೆಕಾಯಿಯ ಬಣ್ಣ ಬಳಿದರು. ಆ ಕಾರಿನ ಬಾನೆಟ್ಟು ಎಲ್ಲ ಕಾರುಗಳಂತಲ್ಲ. ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಂಡು ಎಂಜಿನ್ನು, ಚಕ್ರ ಎಲ್ಲ ಬಯಲಾಗುತ್ತಿತ್ತು. "ಏನೂ ಮುಚ್ಚಿಟ್ಕಳದಿಲ್ಲ ಇವ್ಳು" ಎಂದು ಹೆಮ್ಮೆಯಿಂದ ತೋರಿಸುತ್ತಿದ್ದರು.

ಮುಚ್ಚಿಟ್ಟುಕೊಂಡಿದ್ದವರು ಅವರು. ಅದು ನನಗೆ ಗೊತ್ತಾದದ್ದು ಒಂದು ಲೋಟ ಕಾಫಿಯಿಂದ.

ನಮ್ಮವರು ಹೈಸ್ಕೂಲು ಮೇಷ್ಟ್ರು. ನಾವು ಆ ಬೀದಿಗೆ ಬಂದ ಹೊಸದರಲ್ಲಿ ನಮ್ಮ ಸ್ಕೂಟರನ್ನು ಜವರಣ್ಣ ರಿಪೇರಿ ಮಾಡುತ್ತಿದ್ದರು. ನಾನು ಬೇಲಿ ದಾಟಿ ಕಾಫಿ ಒಯ್ದೆ. ಹಿಂದಿನಿಂದ ಮೂರು ಸಲ ಕರೆದರೂ ತಿರುಗಲಿಲ್ಲ. ಸುತ್ತಿ ಬಂದು ಎದುರಿಗೆ ಲೋಟ ಇಟ್ಟಾಗ ಬೆಚ್ಚಿಬಿದ್ದು, "ಎಂಜಿನ್ ಸದ್ದಿಗೆ ಕೇಳುಸ್ಲಿಲ್ಲ ಅಮ್ಮಾವ್ರೆ" ಅಂದರು.

ಎಂಜಿನ್ನು ಆರಿತ್ತು. ಇಬ್ಬರೂ ಅದನ್ನೇ ನೋಡಿದೆವು.

ಲೋಟ ಕೈಗೆತ್ತಿಕೊಂಡು ಅವರೇ ಹೇಳಿದರು. "ಚಿನಕುರಳಿ ಹತ್ರ ಕಲ್ಲು ಕ್ರಷರಲ್ಲಿ ಹದ್ನೆಂಟು ವರ್ಸ ಮಿಷಿನ್ ನೋಡ್ಕಂಡಿದ್ದೆ. ಕಲ್ಲಿನ್ ಜತೆ ನನ್ ಕಿವಿನೂ ಪುಡಿ ಮಾಡ್ಬುಡ್ತು. ಎದುರ್ಗೆ ನಿಂತ್ರೆ ತುಟಿ ನೋಡ್ಕಂಡು ಮಾತಾಡ್ತೀನಿ. ಯಾರ್ಗೂ ಯೋಳ್ಬೇಡಿ. ಕಿವಿ ಕೇಳ್ದಿರೋ ಮೆಕ್ಯಾನಿಕ್ ತಾವ ಯಾರ್ ಗಾಡಿ ತತ್ತಾರೆ?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟು ಸುಮ್ಮನಿರಬಹುದಿತ್ತು. ಹೆರಾಲ್ಡಿಗೆ ಎರಡನೇ ಕಾರ್ಬೊರೇಟರ್ ಕೂರಿಸಿದ ವಾರ ಬೆಳಿಗ್ಗೆಯಿಂದ ಸಂಜೆವರೆಗೆ ಅದರ ಗೊಣಗು ಕೇಳಿ ಕೇಳಿ ನನಗೆ ತಡೆಯಲಾಗಲಿಲ್ಲ. ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಎಂಟು ವರ್ಷ ಪ್ರಾರ್ಥನೆಯ ಗುಂಪಿನಲ್ಲಿ ಹಾಡಿದವಳು. ನಲವತ್ತು ಹುಡುಗಿಯರ ನಡುವೆ ಯಾರ ದನಿ ಅರೆಗಳಿಗೆ ಹಿಂದೆ ಬಿತ್ತು ಎಂದು ಹೇಳುವುದೇ ಸಿಸ್ಟರ್ ನಮಗೆ ಕಲಿಸಿದ ಪಾಠ. ಜವರಣ್ಣನ ಎದುರು ನಿಂತು, "ಎರಡು ಕಾರ್ಬೊರೇಟರು ಒಟ್ಟಿಗೆ ಉಸಿರಾಡ್ತಿಲ್ಲ. ಒಂದು ಹಿಂದೆ ಬೀಳ್ತಿದೆ" ಎಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಹಲ್ಲಿಗೆ ಅದೊಂದೇ ಸಿಕ್ಕಾಕಿಲ್ಲ ಅಮ್ಮಾವ್ರೆ. ಸಣ್ ಉಸ್ರು."

ಹಾಗೆ ಶುರುವಾಯಿತು ನಮ್ಮ ಒಪ್ಪಂದ. ಅವರು ಸ್ಕ್ರೂ ತಿರುಗಿಸುತ್ತಾ ನನ್ನ ಕಿಟಕಿ ನೋಡುವುದು. ಎರಡು ಉಸಿರೂ ಒಂದಾದಾಗ ನಾನು ಕಿಟಕಿಯ ಸರಳಿಗೆ ಹಳದಿ ಬಟ್ಟೆ ನೇತು ಹಾಕುವುದು. ಬಟ್ಟೆ ತೆಗೆದರೆ, ಎಂಜಿನ್ನು ಆರಿಸಿ ಮೊದಲಿನಿಂದ. ಒಗ್ಗರಣೆ ಸೀದುಹೋದ ದಿನಗಳೂ ಇವೆ. ನಮ್ಮವರಿಗೂ ನಾನು ಹೇಳಲಿಲ್ಲ.

ಆ ಬೀದಿಯ ಒಂದು ಸಣ್ಣ ವಿಷಯ ನನ್ನ ಕಣ್ಣಿಗೆ ಬಿದ್ದಿತ್ತು. ಜವರಣ್ಣನನ್ನು ಯಾರೂ ಹಿಂದಿನಿಂದ ಕೂಗುತ್ತಿರಲಿಲ್ಲ. ಸೊಪ್ಪಿನವಳಿಂದ ಹಿಡಿದು ಪಕ್ಕದ ಮನೆಯ ಸಾಕಮ್ಮನವರೆಗೆ ಎಲ್ಲರೂ ಸುತ್ತಿ ಬಂದು, ಎದುರಿಗೆ ನಿಂತೇ ಮಾತಾಡುತ್ತಿದ್ದರು. ಹಿರಿಯರಿಗೆ ತೋರಿಸುವ ಗೌರವ ಎಂದುಕೊಂಡಿದ್ದೆ.

ಆ ಭಾನುವಾರ ನಾಗಮಂಗಲದ ಆಚೆ, ಬೇಸಿಗೆಗೆ ಒಣಗಿದ ಕೆರೆಯಂಗಳದಲ್ಲಿ ಆಟೋಕ್ರಾಸು. ಮೈಸೂರಿನ ಕಾರು ಹುಚ್ಚಿನ ಹುಡುಗರು ನಡೆಸುತ್ತಿದ್ದರು. ಹಳೆ ಟೈರುಗಳನ್ನಿಟ್ಟು ಅಂಕುಡೊಂಕು ದಾರಿ ಮಾಡಿರುತ್ತಾರೆ. ಒಂದೊಂದೇ ಕಾರು ಓಡಬೇಕು. ಟೈರು ತಾಗಿದರೆ ಸೆಕೆಂಡು ಸೇರಿಸುತ್ತಾರೆ. ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದಂತೆ. ಬೆಳ್ಳೂರು ಕ್ರಾಸಿನ ವ್ಯಾನು ಮಾಲೀಕರೊಬ್ಬರು, "ನಿಮ್ಮ ಕೈಚಳಕ ಅಲ್ಲಿ ನೋಡ್ತೀನಿ. ಒಪ್ಪಿಗೆ ಆದ್ರೆ ನನ್ನ ಆರು ವ್ಯಾನೂ ನಿಮ್ ಶೆಡ್ಡಿಗೇ" ಎಂದು ಮಾತು ಕೊಟ್ಟಿದ್ದರು. ಕಿವಿಯ ಗುಟ್ಟು ಅಲ್ಲಿ ಹೊರಬಿದ್ದರೆ ವ್ಯಾನಿರಲಿ, ಇದ್ದ ಗಿರಾಕಿಗಳೂ ಹೋಗುತ್ತಿದ್ದರು.

ಚಿತ್ರಾನ್ನ, ಮೊಸರನ್ನ ತುಂಬಿದ ಕ್ಯಾರಿಯರಿಗೆ ಕೈಗೆ ಸಿಕ್ಕಿದ ಹಳದಿ ಬಟ್ಟೆಯನ್ನೇ ಸುತ್ತಿದೆ. ಜವರಣ್ಣ ಮುಂದೆ ಹೆರಾಲ್ಡಿನಲ್ಲಿ, ನಾನೂ ನಮ್ಮವರೂ ಹಿಂದೆ ಸ್ಕೂಟರಿನಲ್ಲಿ ಹೊರಟೆವು. ತಲುಪುವಷ್ಟರಲ್ಲಿ ನನ್ನ ಹುಬ್ಬಿಗೂ ಧೂಳಿನ ಬಣ್ಣ.

ಕೆರೆಯಂಗಳದಲ್ಲಿ ಕಾರು ನಿಂತ ಕೂಡಲೇ ಅದರ ಗೊಣಗು ನನ್ನ ಕಿವಿಗೆ ಬಿತ್ತು. ದಾರಿಯ ಕುಲುಕಾಟಕ್ಕೆ ಸ್ಕ್ರೂ ಸಡಿಲವಾಗಿ ಒಂದು ಉಸಿರು ಮತ್ತೆ ಹಿಂದೆ ಬಿದ್ದಿತ್ತು. ಓಟಕ್ಕೆ ಮುಂಚೆ ಒಮ್ಮೆ ನೋಡಿಬಿಡೋಣವೆಂದು ಜವರಣ್ಣ ಕಾರಿನ ಮೂತಿ ಮಗುಚಿ ಟೈರಿನ ಮೇಲೆ ಕೂತರು. ಹುಡುಗರ ಗುಂಪು ಸುತ್ತುಗಟ್ಟಿತು. ಜನರಿಗೆ ತೋರಲೆಂದು ಜವರಣ್ಣ, ಕಾರ್ಬೊರೇಟರಿನ ಸದ್ದು ಆಲಿಸುವವರಂತೆ, ರಬ್ಬರ್ ಪೈಪಿನ ತುದಿಯನ್ನು ಕಿವಿಗಿಟ್ಟುಕೊಂಡರು. ಆಮೇಲೆ ಅಭ್ಯಾಸಬಲದಿಂದ ತಲೆಯೆತ್ತಿ ಕಿಟಕಿ ಹುಡುಕಿದರು. ಅಲ್ಲಿದ್ದದ್ದು ಬರೀ ಆಕಾಶ.

ಅಷ್ಟರಲ್ಲಿ ವ್ಯಾನು ಮಾಲೀಕರು ಹಿಂದಿನಿಂದ ಬಂದು, "ಏನ್ ಜವರಣ್ಣ, ಸರಿ ಐತಾ?" ಅಂದರು. ಜವರಣ್ಣ ಆಕಾಶವನ್ನೇ ನೋಡುತ್ತಿದ್ದರು. ಮಾಲೀಕರು ಮತ್ತೆ ಕೇಳಿದರು. ಹುಬ್ಬು ಗಂಟಾಯಿತು.

"ಟ್ಯೂನಿಂಗ್ ಮಾಡುವಾಗ ಅವರು ಯಾರ ಹತ್ತಿರವೂ ಮಾತಾಡೋದಿಲ್ಲ. ವ್ರತ ಇದ್ದ ಹಾಗೆ" ಎಂದೆ ನಾನು. ಆ ಸುಳ್ಳನ್ನು ಕಾನ್ವೆಂಟಿನ ಸಿಸ್ಟರ್ ಕೇಳಿದ್ದರೆ ನನ್ನನ್ನು ಮೊಣಕಾಲೂರಿಸುತ್ತಿದ್ದರು.

"ಓಹೋ" ಎಂದು ಅವರು ಗೌರವದಿಂದ ಎರಡು ಹೆಜ್ಜೆ ಹಿಂದೆ ಸರಿದರು.

ನಾನು ಜನ ನಿಲ್ಲುವ ಹಗ್ಗದ ಬಳಿ, ಜವರಣ್ಣನಿಗೆ ಕಾಣುವಂತೆ ಹೋಗಿ ನಿಂತು, ಕ್ಯಾರಿಯರಿನ ಬಟ್ಟೆ ಬಿಚ್ಚಿ ಕಣ್ಣು ಮುಚ್ಚಿದೆ. ಬೇರೆ ಕಾರುಗಳ ಅಬ್ಬರ, ಐಸ್ ಕ್ಯಾಂಡಿಯವನ ಗಂಟೆ. ಎಲ್ಲವನ್ನೂ ಒಂದೊಂದಾಗಿ ಬದಿಗಿಟ್ಟು, ಸ್ಕ್ರೂ ತಿರುಗಿದಂತೆ ಹೆರಾಲ್ಡಿನ ಉಸಿರು ಬದಲಾಗುವುದನ್ನಷ್ಟೇ ಕೇಳಿದೆ. ಕಾಲು ತಿರುವು. ಇನ್ನೂ ಹಿಂದೆ. ಮತ್ತೆ ಕಾಲು ತಿರುವು. ಈಗ ಮುಂದೆ ಹೋಯಿತು. ಕೂದಲೆಳೆಯಷ್ಟು ಹಿಂದಕ್ಕೆ. ಆಗ ಎರಡೂ ಸೇರಿ, ಸುಖವಾಗಿ ಮಲಗಿದವರ ಒಂದೇ ಉಸಿರಾಯಿತು. ಬಟ್ಟೆಯನ್ನು ಹಗ್ಗದ ಮೇಲೆ ಹರವಿದೆ.

"ಮೊಸರನ್ನದ ಬಟ್ಟೆ ಒಣಗಿಸೋಕೆ ಇದೇ ಜಾಗವೇನೇ?" ಎಂದರು ನಮ್ಮವರು.

ಹೆರಾಲ್ಡು ಓಡಿದ್ದನ್ನು ಹೇಗೆ ಹೇಳಲಿ. ಅಷ್ಟು ಸಣ್ಣ ಜಾಗದಲ್ಲಿ ತಿರುಗುವ ಕಾರು ಇನ್ನೊಂದಿರಲಿಲ್ಲ. ಕೊನೆಯ ಕಡುತಿರುವಿನಲ್ಲಿ ಹೊಸ ಕಾರುಗಳು ಅಗಲಕ್ಕೆ ಸುತ್ತಿ ಟೈರು ಉರುಳಿಸಿದ್ದವು. ಜವರಣ್ಣ ಬುಗುರಿಗೆ ದಾರ ಸುತ್ತಿದ ಹಾಗೆ ಸುತ್ತಿ ಬಂದರು. ಒಂದು ಟೈರೂ ಅಲುಗಲಿಲ್ಲ. ಜನ ಸಿಳ್ಳೆ ಹಾಕಿದರು. ಗುರಿಯ ಬಳಿ ನಿಂತವರೊಬ್ಬರು, ದಾಟಿದರೆಂದು ವಿಸಿಲ್ ಊದಿದರು. ಜವರಣ್ಣ ನಿಲ್ಲಿಸಲಿಲ್ಲ.

ಗುರಿಯ ಸುಣ್ಣದ ಗೆರೆಯನ್ನು ಹಿಂದಿನ ಕಾರುಗಳು ಆಗಲೇ ಅಳಿಸಿದ್ದವು. ವಿಸಿಲ್ ಅವರಿಗೆ ಕೇಳುವಂತಿರಲಿಲ್ಲ. ಎರಡನೇ ಸುತ್ತಿಗೆ ಹೊರಟೇಬಿಟ್ಟರು. ವಿಸಿಲಿನವರು ಕೆನ್ನೆ ಕೆಂಪಾಗುವಂತೆ ಊದುತ್ತಾ ಹಿಂದೆ ಓಡಿದರು. ವ್ಯಾನು ಮಾಲೀಕರ ಮುಖ ನೋಡಿದೆ. ಅಲ್ಲಿ ಅನುಮಾನ ಮೊಳೆಯುತ್ತಿತ್ತು. ಹೆರಾಲ್ಡು ನಮ್ಮ ಮುಂದೆ ಬರುವ ಹೊತ್ತಿಗೆ ಸರಿಯಾಗಿ ಹಗ್ಗದ ಮೇಲಿನ ಬಟ್ಟೆಯನ್ನು ಎಳೆದುಕೊಂಡೆ.

ಎಂಜಿನ್ನು ಅಲ್ಲೇ ಆರಿತು.

ವಿಸಿಲಿನವರು ಏದುಸಿರು ಬಿಡುತ್ತಾ ಎದುರಿಗೆ ನಿಂತು, "ವಿಸಿಲ್ ಕೇಳಿಸ್ಲಿಲ್ವೇನ್ರಿ?" ಎಂದು ಕೇಳಿದರು.

ಜವರಣ್ಣ ಅವರ ತುಟಿಯನ್ನೇ ನೋಡಿ ನಿಧಾನವಾಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಕೇಳುಸ್ತು ಸ್ವಾಮಿ. ಒಂದ್ ಸುತ್ತು ಸಾಕಾಗ್ಲಿಲ್ಲ."

ಮೊದಲು ನಕ್ಕವರು ವ್ಯಾನು ಮಾಲೀಕರು. ಆಮೇಲೆ ಇಡೀ ಕೆರೆಯಂಗಳ ನಕ್ಕಿತು. ಲೆಕ್ಕಕ್ಕೆ ಹಿಡಿದದ್ದು ಮೊದಲ ಸುತ್ತನ್ನು ಮಾತ್ರ. ಹಳೆಯ ಕಾರುಗಳ ಸಾಲಿನಲ್ಲಿ ಜವರಣ್ಣನೇ ಮೊದಲು. ಬಹುಮಾನ, ಗಂಟೆಗೊಮ್ಮೆ ಬಡಿಯುವ ಗೋಡೆ ಗಡಿಯಾರ. ಅದನ್ನು ಅಲ್ಲೇ ನನ್ನ ಕೈಗಿಟ್ಟು ದನಿ ತಗ್ಗಿಸಿ, "ನೀವ್ ಇಟ್ಕಳಿ ಅಮ್ಮಾವ್ರೆ. ಬಡೀತದಂತೆ" ಅಂದರು. ಮಾರನೆಯ ವಾರದಿಂದ ಆರು ವ್ಯಾನುಗಳೂ ಬರತೊಡಗಿದವು.

ಜವರಣ್ಣ ಈಗಿಲ್ಲ. ಶೆಡ್ಡಿದ್ದ ಜಾಗದಲ್ಲಿ ಮನೆ ಎದ್ದು ನನ್ನ ಕಿಟಕಿಗೆ ಗೋಡೆ ಅಡ್ಡ ಬಂದಿದೆ. ಗಡಿಯಾರ ನಮ್ಮ ಹಜಾರದಲ್ಲಿ ಇನ್ನೂ ಬಡಿಯುತ್ತದೆ. ಬಡಿದಾಗಲೆಲ್ಲ ನನಗೆ ಆ ಭಾನುವಾರದ ಸಂಜೆ ನೆನಪಾಗುತ್ತದೆ.

ಊರಿಗೆ ಮರಳಿ, ಧೂಳು ಮೆತ್ತಿದ ಹಳದಿ ಬಟ್ಟೆ ಒಗೆದು ಹಿತ್ತಿಲ ತಂತಿಯ ಮೇಲೆ ಹಾಕುತ್ತಿದ್ದೆ. ಇಷ್ಟು ವರ್ಷ ಒಬ್ಬಳೇ ಕಾಪಾಡಿದ ಗುಟ್ಟು ಎಂಬ ಹೆಮ್ಮೆ ಇನ್ನೂ ಎದೆಯಲ್ಲಿ ಬೆಚ್ಚಗಿತ್ತು. ಪಕ್ಕದ ಜಗಲಿಯಲ್ಲಿ ಸಾಕಮ್ಮ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದರು. ತಲೆಯೆತ್ತದೆಯೇ ಹೇಳಿದರು.

"ಬಟ್ಟೆನ ನಾಗಮಂಗಲಕ್ಕೂ ತಕ್ಕಂಡೋಗಿದ್ರಾ? ಒಳ್ಳೇದಾಯ್ತು ಬುಡಿ. ನೀವ್ ಈ ಬೀದಿಗೆ ಬರಾಕ್ ಮುಂಚೆ ಜವರಣ್ಣಂಗೆ ನಾನೇ ಈ ಮೊರ ಎತ್ತಿ ತೋರುಸ್ತಿದ್ದೆ ಕಣವ್ವ. ನಿಮ್ಮಂಗೆ ಉಸ್ರು-ಗಿಸ್ರು ನಂಗೆಲ್ಲಿ ಗೊತ್ತಾದದು? ಸದ್ದಿಗೆ ಕೋಳಿ ಎದ್ರಿ ಓಡೋದು ನಿಲ್ಲುಸಿದ್ರೆ, ಗಾಡಿ ಸರಿ ಆಯ್ತು ಅಂತ."