ಗೋಡೆ ಇಲ್ಲದ ಶಾಲೆಗೆ ಸುಣ್ಣ

ಹೋದ ಗುರುವಾರ ಬೆಳಿಗ್ಗೆ ಎಂಟೂವರೆಗೆ ನನ್ನ ಶಾಲೆ ಕಾಣೆಯಾಗಿತ್ತು.

ತಮಾಷೆಯಲ್ಲ. ಬುಧವಾರ ಮಧ್ಯಾಹ್ನ ಮಕ್ಕಳನ್ನು ಕಳಿಸಿ ಹೊರಡುವಾಗ ಇದ್ದ ಶಾಲೆ, ಗುರುವಾರ ಬಂದು ನೋಡಿದರೆ ಇಲ್ಲ. ಕಟ್ಟಡ ಬಿದ್ದುಹೋಯಿತಾ ಎಂದು ಗಾಬರಿಯಾಗಬೇಡಿ. ಕಟ್ಟಡ ಯಾವತ್ತೂ ಇರಲಿಲ್ಲ.

ಹೊಸದಾಗಿ ಈ ಅಂಕಣ ಓದುತ್ತಿರುವವರಿಗೆ ಒಂದು ಮಾತು. ಚೆಟ್ಟಳ್ಳಿ ಹತ್ತಿರದ ಒಂದು ಕಾಫಿ ಎಸ್ಟೇಟಿನ ಮೂಲೆಯಲ್ಲಿ ನಾನು ಪುಟ್ಟ ಮಕ್ಕಳ ಶಾಲೆ ನಡೆಸುತ್ತೇನೆ. ಹನ್ನೊಂದು ಮಕ್ಕಳು. ಒಂದು ಹಲಸಿನ ಮರ. ಗಾಳಿಗೆ ಉರುಳಿದ ಒಂದು ಮರದ ದಿಮ್ಮಿ (ಅದೇ ನಮ್ಮ ಬೆಂಚು). ಒಂದು ಹುತ್ತ. ಒಂದು ಕೆಸರು ಗುಂಡಿ. ಸಿಲಬಸ್ ಇಷ್ಟೇ. ಆಕಾಶವೇ ಹರಿದು ಬೀಳುವಂಥ ಮಳೆ ಬಂದರೆ ಓಡಿಹೋಗಿ ನಿಲ್ಲಲು ಪಕ್ಕದಲ್ಲಿ ಹಳೆಯ ಗೊಬ್ಬರದ ಶೆಡ್ ಇದೆ. ಗೊಬ್ಬರ ಖಾಲಿಯಾಗಿ ಬಹಳ ಕಾಲವಾಯಿತು, ವಾಸನೆ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ.

"ಬಿಲ್ಡಿಂಗ್ ಯಾವಾಗ ಕಟ್ತೀರಿ?" ಎಂದು ಎಲ್ಲರೂ ಕೇಳುತ್ತಾರೆ. ಕಟ್ಟುವುದಿಲ್ಲ ಎಂದರೆ ಪಾಪ, ಲೋನ್ ಸಿಕ್ಕಿಲ್ಲವೇನೋ ಎಂಬಂತೆ ನೋಡುತ್ತಾರೆ.

ಈಗ ಬುಧವಾರಕ್ಕೆ ಬರೋಣ. ಮಧ್ಯಾಹ್ನ ಒಂದು ಫೋನ್ ಬಂತು.

"ಸುಮಾ, ನಾನು ಜಾನಕಿ ಟೀಚರ್."

ನಾನು ತಟ್ಟನೆ ಎದ್ದು ನಿಂತೆ. ಫೋನಿನಲ್ಲಿ ಕಾಣುವುದಿಲ್ಲ, ಗೊತ್ತು. ಆದರೂ ನಿಂತೆ. ಏಕೆಂದರೆ ಜಾನಕಿ ಟೀಚರ್ ನನಗೆ ಮೂರನೇ ಕ್ಲಾಸಿನಲ್ಲಿ ಪಾಠ ಮಾಡಿದವರು. ವಾರಕ್ಕೆ ಮೂರು ಸಲವಾದರೂ "ಸುಮಾ, ಹೊರಗೆ ಹೋಗಿ ನಿಲ್ಲು" ಎನ್ನುತ್ತಿದ್ದರು. ವರಾಂಡದಲ್ಲಿ ನಿಂತು ನಿಂತು ನಾನು ಇರುವೆಗಳ ಟ್ರಾಫಿಕ್ ಕಲಿತೆ, ಯಾವ ಹಕ್ಕಿ ಎಷ್ಟು ಗಂಟೆಗೆ ಬರುತ್ತದೆಂದು ಕಲಿತೆ. ಒಳಗೆ ಮಗ್ಗಿ ನಡೆಯುತ್ತಿತ್ತು. ಅದೊಂದು ಇವತ್ತಿಗೂ ಬರುವುದಿಲ್ಲ.

ಅವರ ಮೊಮ್ಮಗಳು ಚಿನ್ನು ಈಗ ನನ್ನ ಶಾಲೆಯಲ್ಲಿದ್ದಾಳೆ. ವಯಸ್ಸು ನಾಲ್ಕೂವರೆ. ಜೂನ್‌ನಲ್ಲಿ ಬಂದಾಗ ಯಾರ ಹತ್ತಿರವೂ ಒಂದು ಮಾತಾಡುತ್ತಿರಲಿಲ್ಲ, ಬ್ಯಾಗ್ ತಬ್ಬಿಕೊಂಡು ನಿಂತಿರುತ್ತಿದ್ದಳು. ಈಗ ಕೆಸರು ಗುಂಡಿಯ ಸಂಪೂರ್ಣ ಆಡಳಿತ ಅವಳದೇ. ನನಗೆ ಆ ಹುಡುಗಿ ಎಂದರೆ ಪ್ರಾಣ.

"ಎಂತ ಸುಮಾ ಇದು?" ಎಂದರು ಟೀಚರ್. "ನಮ್ಮ ಚಿನ್ನು ಗೂಡೆ ದಿನಾ ಹಂದಿಮರಿ ಹಾಗೆ ಮನೆಗೆ ಬರ್ತಾಳೆ. ಕೇಳಿದ್ರೆ ಸ್ಕೂಲಲ್ಲಿ ಗುಂಡಿ ಅಂತಾಳೆ. ಬಟ್ಟೆ ಒಗೆಯುದು ನಾನು. ನಾಳೆ ಬಂದು ನೋಡ್ತೇನೆ. ಸರಿ ಕಂಡ್ರೆ ಇರಲಿ. ಇಲ್ಲಾಂದ್ರೆ ದಸರಾ ರಜೆ ಮುಗಿದ ಮೇಲೆ ಮಡಿಕೇರಿಯಲ್ಲಿ ಗೋಡೆ ಇರುವ ಸ್ಕೂಲಿಗೆ ಸೇರಿಸುದು."

ಫೋನ್ ಇಟ್ಟರು.

ಆಗ ನಾನು ಬುದ್ಧಿವಂತಳು ಮಾಡುವ ಕೆಲಸ ಮಾಡಲಿಲ್ಲ. ಎಸ್ಟೇಟಿನ ರೈಟರ್ ಮಣಿಯಣ್ಣನನ್ನು ಕರೆದೆ. (ರೈಟರ್ ಎಂದರೆ ಕಥೆ ಬರೆಯುವವರಲ್ಲ, ತೋಟದ ಆಳುಗಳನ್ನು ನೋಡಿಕೊಳ್ಳುವವರು. ಕಥೆ ಬರೆಯುವವರಿಗಿಂತ ನಂಬಿಕಸ್ಥರು.)

"ಮಣಿಯಣ್ಣ, ನಾಳೆ ಒಬ್ಬರು ದೊಡ್ಡೋರು ಬರ್ತಾರೆ. ಸ್ವಲ್ಪ ನೀಟ್ ಮಾಡಿಸ್ತೀರಾ?"

ಸ್ವಲ್ಪ ಎಂದಿದ್ದೆ. ಆಣೆ ಮಾಡಿ ಹೇಳುತ್ತೇನೆ, ಸ್ವಲ್ಪ ಎಂದೇ ಹೇಳಿದ್ದೆ. ಆದರೆ ಎಸ್ಟೇಟಿನಲ್ಲಿ ದೊಡ್ಡೋರು ಬರುತ್ತಾರೆ ಎಂದರೆ ಅದಕ್ಕೊಂದು ಪದ್ಧತಿ ಇದೆ. ಓನರ್ ಬರುವ ಮುಂಚೆ ಕಳೆ ಕೊಚ್ಚಬೇಕು, ಗುಂಡಿ ಮುಚ್ಚಬೇಕು, ದಾರಿ ಬದಿಯ ಕಲ್ಲಿಗೆ ಸುಣ್ಣ ಬಳಿಯಬೇಕು. ಮಣಿಯಣ್ಣ ಇಪ್ಪತ್ತು ವರ್ಷದಿಂದ ಮಾಡುತ್ತಿರುವುದು ಅದನ್ನೇ. ನನಗೋಸ್ಕರ ಬೇರೆ ಪದ್ಧತಿ ಎಲ್ಲಿಂದ ತರಬೇಕು?

ಹಾಗಾಗಿ ಗುರುವಾರ ಬೆಳಿಗ್ಗೆ ನಾನು ಕಂಡದ್ದು ಇದು. ಒಂದೇ ಒಂದು ಹುಲ್ಲಿನ ಎಸಳಿಲ್ಲ. ನಮ್ಮ ಬೆಂಚು ಸೌದೆಯಾಗಿ ಒಂದೇ ಅಳತೆಯಲ್ಲಿ ಒಟ್ಟಿಕೊಂಡು ಕೂತಿದೆ. ಹಲಸಿನ ಮರಕ್ಕೆ ಸೊಂಟದವರೆಗೆ ಸುಣ್ಣ. ಹುತ್ತವನ್ನು ಮಾತ್ರ ಮುಟ್ಟಿರಲಿಲ್ಲ, ಅದಕ್ಕೆ ಅರಿಶಿನ ಕುಂಕುಮ ಇಟ್ಟಿದ್ದರು. ಕೆಸರು ಗುಂಡಿ ಇದ್ದಲ್ಲಿ ಕೆಂಪು ಮಣ್ಣು ತುಂಬಿ, ಗುದ್ದಿ ಗುದ್ದಿ ದಮ್ಮಸ್ಸು ಮಾಡಿ, ಮೇಲೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಟ್ಟಿದ್ದರು.

"ಹೆಂಗಿದೆ ಮೇಡಂ? ಫುಲ್ ಕ್ಲೀನ್!" ಎಂದ ಮಣಿಯಣ್ಣನ ಮುಖದಲ್ಲಿ ಆ ಸುಣ್ಣಕ್ಕಿಂತ ಹೆಚ್ಚು ಬೆಳಕಿತ್ತು. ಏನು ಹೇಳಲಿ? ಥ್ಯಾಂಕ್ಸ್ ಎಂದೆ.

ಮಕ್ಕಳು ಬಂದರು. ದಾರಿಯಲ್ಲೇ ನಿಂತರು. ಒಳಗೆ ಬರಲು ಯಾರೂ ಒಪ್ಪಲಿಲ್ಲ. ಒಬ್ಬ ಹುಡುಗ "ಇದು ಬೇರೆಯವರ ಸ್ಕೂಲ್" ಎಂದು ವಾಪಸ್ ಹೊರಟೇಬಿಟ್ಟ. ಅವನನ್ನು ಹಿಡಿದು ತರುವಷ್ಟರಲ್ಲಿ ಆಟೋ ಬಂತು. ಚಿನ್ನು ಇಳಿದಳು. ಹಿಂದೆಯೇ ಕೊಡೆ, ಕನ್ನಡಕ, ಜಾನಕಿ ಟೀಚರ್.

ಟೀಚರ್ ಸುತ್ತ ನೋಡಿದರು. ಹಲಸಿನ ಮರದ ಸುಣ್ಣವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಕುರ್ಚಿಯಲ್ಲಿ ಕೂತರು.

"ಪರವಾಗಿಲ್ಲ ಸುಮಾ. ಚೊಕ್ಕಟವಾಗಿ ಇಟ್ಟಿದ್ದೀ."

ಮೂವತ್ತು ವರ್ಷಗಳಿಂದ ನಾನು ಕಾಯುತ್ತಿದ್ದ ಗುಡ್ ಅದು. ಸ್ಲೇಟಿನ ಮೇಲೆ ಬರೆಸಿಕೊಳ್ಳೋಣ ಅನಿಸಿತು. ಅಷ್ಟರಲ್ಲಿ ಅವರು ಮೊಮ್ಮಗಳ ಕಡೆ ತಿರುಗಿದರು.

"ಎಲ್ಲಿ ನಿನ್ನ ಗುಂಡಿ?"

ಚಿನ್ನು ಅಜ್ಜಿಯ ಕುರ್ಚಿಯ ಕೆಳಗೆ ಬೆರಳು ತೋರಿಸಿದಳು. "ಇಲ್ಲೇ ಇತ್ತು ಅಜ್ಜಿ."

"ಇತ್ತು ಅಂದ್ರೆ? ಗುಂಡಿ ಎದ್ದು ನಡ್ಕೊಂಡು ಹೋಯ್ತಾ? ಸ್ಕೂಲು ಇಷ್ಟು ಕ್ಲೀನ್ ಉಂಟು. ನೀನು ದಾರಿಯಲ್ಲಿ ಎಲ್ಲೆಲ್ಲೋ ಬಿದ್ದು ಹೊರಳಾಡಿ, ಸ್ಕೂಲಿನ ಮೇಲೆ ಸುಳ್ಳು ಹೇಳುದಾ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ ನೋಡಿ. ಗುಂಡಿ ಮುಚ್ಚಿದರೆ ಮಗು ಸುಳ್ಳಿಯಾಗುತ್ತದೆ ಎಂದು ಯಾರಿಗೆ ಹೊಳೆಯುತ್ತದೆ?

ಚಿನ್ನು ನನ್ನ ಕಡೆ ನೋಡಿದಳು. "ಸುಮಕ್ಕ, ನೀವು ಹೇಳಿ."

ಓದುಗರೇ, ಈ ಜಾಗದಲ್ಲಿ ನನ್ನ ಬಗ್ಗೆ ಒಳ್ಳೆಯದನ್ನು ಬರೆದುಕೊಳ್ಳಬಹುದಿತ್ತು. ಆದರೆ ನಡೆದದ್ದು ಇದು. ಗುಂಡಿ ಇತ್ತು ಎಂದರೆ ಚಿನ್ನು ಗೋಡೆಯ ಸ್ಕೂಲಿಗೆ ಹೋಗುತ್ತಾಳೆ. ಇರಲಿಲ್ಲ ಎಂದರೆ ಇಲ್ಲೇ ಉಳಿಯುತ್ತಾಳೆ. ನಾನು ಮೂರನೇ ಕ್ಲಾಸಿನ ಹುಡುಗಿಯ ಹಾಗೆ ನೆಲ ನೋಡಿಕೊಂಡು, "ಗುಂಡಿ ಅಂದ್ರೆ... ಅಂಥದ್ದೇನೂ ಇಲ್ಲ ಟೀಚರ್" ಎಂದೆ.

ಇಲ್ಲ ಎಂದೆ. ಆ ಕ್ಷಣಕ್ಕೆ ಅದು ನಿಜವೂ ಹೌದಲ್ಲ? (ಹೀಗೆಲ್ಲ ಸಮಾಧಾನ ಮಾಡಿಕೊಂಡೆ. ನಾಚಿಕೆಯಾಗುತ್ತದೆ.)

ಚಿನ್ನು ಅಳಲಿಲ್ಲ. ನನ್ನನ್ನು ಒಂದು ಸಲ ನೋಡಿದಳು, ಅಷ್ಟೆ. ಆಮೇಲೆ ಸೌದೆಯ ಹಿಂದಿನಿಂದ ಒಂದು ತೆಂಗಿನ ಚಿಪ್ಪು ತಂದಳು. "ಅಜ್ಜಿ, ಸ್ವಲ್ಪ ಏಳಿ" ಎಂದಳು. ಟೀಚರ್ ಎದ್ದರು. (ಜಾನಕಿ ಟೀಚರನ್ನು ಕುರ್ಚಿಯಿಂದ ಎಬ್ಬಿಸಿದವರು ನಮ್ಮೂರಿನಲ್ಲಿ ಬೇರೆ ಯಾರೂ ಇಲ್ಲ.) ಕುರ್ಚಿಯನ್ನು ಆಚೆ ತಳ್ಳಿ, ಕೂತು ಅಗೆಯತೊಡಗಿದಳು.

ಉಳಿದ ಹತ್ತು ಮಕ್ಕಳಿಗೆ ಅಷ್ಟು ಸಾಕಾಯಿತು. ಚಿಪ್ಪು, ಕೋಲು, ಟಿಫನ್ ಮುಚ್ಚಳ, ಕೈ, ಕೈಗೆ ಸಿಕ್ಕಿದ್ದರಲ್ಲೆಲ್ಲ ಅಗೆತ. ಮಣಿಯಣ್ಣನ ದಮ್ಮಸ್ಸು ಹತ್ತು ನಿಮಿಷ ತಡೆಯಿತು. ಮೊದಲು ಒಂದು ನೀಲಿ ಚಪ್ಪಲಿ ಬಂತು. ಆಮೇಲೆ ಬಾಲವಿಲ್ಲದ ಪ್ಲಾಸ್ಟಿಕ್ ಹುಲಿ. ಆಮೇಲೆ ಮಣ್ಣು ಮೆತ್ತಿದ, ಉದ್ದ ಹಿಡಿಯ ಏನೋ ಒಂದು. ಚಿನ್ನು ಅದನ್ನು ಫ್ರಾಕಿಗೆ ಒರೆಸಿ ಎತ್ತಿ ಹಿಡಿದಳು.

ಹಿತ್ತಾಳೆಯ ಸೌಟು.

"ನನ್ನ ಸೌಟು!" ಟೀಚರ್ ಕಿರುಚಿದರು. "ಎರಡು ವಾರದಿಂದ ಹುಡುಕ್ತಾ ಇದ್ದೇನೆ! ಕಳೆದುಹಾಕಿದ್ದು ನೀವೇ ಅಂತ ಮನೆಯವರ ಹತ್ರ ದಿನಾ ಜಗಳ ಆಡ್ತಿದ್ದೇನೆ!"

"ಪಾಯಸ ಮಾಡ್ಲಿಕ್ಕೆ ತಂದಿದ್ದೆ" ಎಂದಳು ಚಿನ್ನು. "ಈ ಗುಂಡಿಯಲ್ಲಿ ಕೆಸರು ಪಾಯಸ."

ಮಣಿಯಣ್ಣನಿಗೆ ತನ್ನ ಕೆಲಸ ಹಾಳಾದ ದುಃಖ. "ನಿನ್ನೆ ಮೂರು ಆಳು ಹಾಕಿ ಮುಚ್ಚಿಸಿದ್ದು ಟೀಚರಮ್ಮ! ಮೇಡಂ ತಾನೇ ನೀಟ್ ಮಾಡು ಅಂದಿದ್ದು!"

ಎಲ್ಲರೂ ನನ್ನನ್ನು ನೋಡಿದರು. ಇನ್ನೆಲ್ಲಿ ಅಡಗುವುದು?

"ಹೌದು ಟೀಚರ್. ಗುಂಡಿ ಇತ್ತು. ಚಿನ್ನು ಹೇಳಿದ್ದೇ ಸತ್ಯ. ನೀವು ಅವಳನ್ನು ಬಿಡಿಸ್ತೀರಿ ಅಂತ ಹೆದರಿ ಮುಚ್ಚಿಸಿದೆ. ಸುಳ್ಳು ಹೇಳಿದ್ದು ನಾನು."

ಟೀಚರ್ ಮೊದಲು ಮೊಮ್ಮಗಳ ಮುಂದೆ ಕೂತು, ಅವಳ ಮೂಗಿನ ಮೇಲಿನ ಮಣ್ಣು ಒರೆಸಿದರು. "ತಪ್ಪಾಯ್ತು ಮಗಾ. ನೀನು ಹೇಳಿದ್ದೇ ಸರಿ." ಆಮೇಲೆ ಎದ್ದು ನನ್ನತ್ತ ತಿರುಗಿದರು. ಅದೇ ಕನ್ನಡಕ, ಅದೇ ಹುಬ್ಬು.

"ರಜೆ ಆದ ಮೇಲೂ ಇವಳು ಇಲ್ಲಿಗೇ ಬರ್ತಾಳೆ. ಇಷ್ಟು ಗಟ್ಟಿಯಾಗಿ ನಿಂತು ಮಾತಾಡ್ಲಿಕ್ಕೆ ಇಲ್ಲೇ ಕಲ್ತದ್ದು ತಾನೇ? ಸೌಟು ಮಾತ್ರ ಮನೆಗೆ ಬರ್ತದೆ. ಇನ್ನು ನೀನು. ಸುಳ್ಳು ಹೇಳಿದ್ದಕ್ಕೆ, ಸುಮಾ, ಹೊರಗೆ ಹೋಗಿ ನಿಲ್ಲು!"

ನಾನು ಹೊರಟೆ. ಎರಡು ಹೆಜ್ಜೆ ಇಟ್ಟು ನಿಂತೆ. ಎಲ್ಲಿಗೆ ಹೋಗುವುದು?

"ಅಜ್ಜಿ," ಎಂದಳು ಚಿನ್ನು, "ಇದೇ ಹೊರಗೆ."

ಟೀಚರ್ ಸುತ್ತ ನೋಡಿದರು. ಅವರ ಇಡೀ ಸರ್ವಿಸಿನಲ್ಲಿ ಇಂಥ ಸಮಸ್ಯೆ ಬಂದಿರಲಿಲ್ಲ. ಕೊನೆಗೆ ಗೊಬ್ಬರದ ಶೆಡ್ಡಿನ ಕಡೆ ಸೌಟು ತೋರಿಸಿದರು.

"ಹಾಗಾದ್ರೆ ಒಳಗೆ ಹೋಗಿ ಕೂತ್ಕೋ."

ಹೋಗಿ ಕೂತೆ. ಕತ್ತಲೆ. ಯೂರಿಯಾ ವಾಸನೆ. ಅಂಗೈಯಗಲದ ಒಂದು ಕಿಟಕಿ. ಅಲ್ಲಿಂದ ನೀರು ಸುರಿಯುವ ಸದ್ದು, ಮಕ್ಕಳ ಕೇಕೆ, ಅದರ ಮೇಲೆ ಟೀಚರ್ ಧ್ವನಿ: "ನೀರು ಜಾಸ್ತಿ ಆಯ್ತು, ಇನ್ನೊಂದು ಹಿಡಿ ಮಣ್ಣು ಹಾಕಿ! ಪಾಯಸ ಹೀಗಾ ಮಾಡುದು?" ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಸೌಟು ಆಡಿಸುತ್ತಿದ್ದರು. ಆ ಸೌಟು ಅವತ್ತೇನೂ ಮನೆಗೆ ಹೋಗಲಿಲ್ಲ.

ಹದಿನೈದು ನಿಮಿಷ ಆಗಿರಬೇಕು. ನನಗೆ ನಿಜವಾಗಿಯೂ ಅಳು ಬಂತು.

ನಾನಾದರೂ ಸುಳ್ಳು ಹೇಳಿದ್ದೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಒಳಗೆ ಕೂರಲು ನಿಮ್ಮ ನಾಲ್ಕು ವರ್ಷದ ಮಗು ಅಂಥ ತಪ್ಪು ಏನು ಮಾಡಿದೆ?